ಜಾಲ ಸಂಪನ್ಮೂಲಗಳ ಒಡೆತನ ಮತ್ತು ಸಂಪರ್ಕ ದಾಖಲೆ

ಕಂಪ್ಯೂಟರ್ ಜಾಲ ನಡೆಯಲು ಬೇಕಾದ ಐಪಿ ವಿಳಾಸ, ಡೊಮೈನ್ ಹೆಸರು, ಎಎಸ್ ಸಂಖ್ಯೆ (ಸ್ವತಂತ್ರವಾಗಿ ನಡೆಯುವ ಪ್ರತಿ ಜಾಲದ ಗುರುತಿನ ಅಂಕಿ), ಫೈಬರ್ ಕೇಬಲ್, ಕಂಬ, ಟವರ್, ರೌಟರ್ ಮುಂತಾದವು ಯಾರ ಹೆಸರಿನಲ್ಲಿವೆ, ಅವು ಕೆಟ್ಟಾಗ ಅಥವಾ ದುರ್ಬಳಕೆಯಾದಾಗ ಯಾರನ್ನು ಕೇಳಬೇಕು ಎಂಬುದನ್ನು ಬರೆದಿಟ್ಟು, ಕಾಲಕಾಲಕ್ಕೆ ತಿದ್ದಿ, ಸರಿಯಿದೆಯೇ ಎಂದು ಪರೀಕ್ಷಿಸುವ ವ್ಯವಸ್ಥೆ. ಜಗತ್ತಿನ ಮಟ್ಟದಲ್ಲಿ ಈ ಕೆಲಸವನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳೂ ಡೊಮೈನ್ ರಿಜಿಸ್ಟ್ರಿಗಳೂ ಮಾಡುತ್ತವೆ. ಭಾರತದಲ್ಲಿ ಇದರ ಕೇಂದ್ರ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ. ಕಾಲೇಜು, ಬ್ಯಾಂಕು, ಪಂಚಾಯತಿಗಳ ಒಳಗೆ ಇದು ಐಟಿ ವಿಭಾಗದ ಹೊಣೆ. ಐಟಿ ವಿಭಾಗವೇ ಇಲ್ಲದ ಕಡೆ ಯಾರ ಹೊಣೆಯೂ ಅಲ್ಲ. ಈ ಲೇಖನ ಉಡುಪಿ ಜಿಲ್ಲೆಯ ಶಿರ್ವ, ಮಣಿಪಾಲ, ಕಾಪು, ಕಾರ್ಕಳ ಸುತ್ತಿನ ನೆಲೆಯಿಂದ ವಿಷಯವನ್ನು ನೋಡುತ್ತದೆ.

ಹಕ್ಕು ಯಾರದು ಎಂಬುದು ಒಂದು ಪ್ರಶ್ನೆ. ಇವತ್ತು ಅದನ್ನು ನೋಡಿಕೊಳ್ಳುವವರು ಯಾರು ಎಂಬುದು ಇನ್ನೊಂದು. ಪಹಣಿ ಓದಬಲ್ಲವರಿಗೆ ಈ ವ್ಯತ್ಯಾಸ ಹೊಸದಲ್ಲ. ಅದರಲ್ಲಿ ಒಡೆಯರ ಹೆಸರು 9ನೇ ಕಾಲಂನಲ್ಲಿ, ಸಾಗುವಳಿ ಮಾಡುವವರ ಹೆಸರು 12ನೇ ಕಾಲಂನಲ್ಲಿ ಇರುತ್ತದೆ. 1974ರ ಭೂ ಸುಧಾರಣೆಯ ಹೊತ್ತಿಗೆ ಕರಾವಳಿಯ ಗೇಣಿದಾರರಿಗೆ ಮುಖ್ಯ ಆಧಾರಗಳಲ್ಲಿ ಒಂದಾಗಿದ್ದುದು ಈ ಎರಡನೆಯ ಕಾಲಂ. ಜಾಲದ ದಾಖಲೆಯಲ್ಲಿ ಒಡೆಯರ ಹೆಸರು ವರ್ಷಗಟ್ಟಲೆ ಹಾಗೇ ಇರುತ್ತದೆ, ಕೆಡುವುದು ಸಂಪರ್ಕದ ವಿವರ. ಜನ ನಿವೃತ್ತರಾಗುತ್ತಾರೆ, ಊರು ಬಿಡುತ್ತಾರೆ, ಫೋನ್ ನಂಬರು ಬದಲಿಸುತ್ತಾರೆ. ದಾಖಲೆ ಬೇಕಾಗುವುದು ತುರ್ತಿನಲ್ಲಿ. ಆಗ ಒಡೆಯರ ಹೆಸರಿಗಿಂತ ಫೋನ್ ಎತ್ತುವವರ ಹೆಸರೇ ಮುಖ್ಯ.

ಒಡೆತನ ಎಂಬ ಪದವನ್ನೂ ಇಲ್ಲಿ ಸಡಿಲವಾಗಿ ಬಳಸಲಾಗುತ್ತದೆ. ನೋಂದಣಿ ಸಂಸ್ಥೆಗಳ ನಿಯಮದಂತೆ ಐಪಿ ವಿಳಾಸ ಯಾರ ಆಸ್ತಿಯೂ ಅಲ್ಲ, ಅದನ್ನು ಬಳಸುವ ಹಕ್ಕನ್ನು ಮಾತ್ರ ಕೊಡಲಾಗುತ್ತದೆ. ಡೊಮೈನ್ ಹೆಸರನ್ನು ವರ್ಷದ ಲೆಕ್ಕದಲ್ಲಿ, ಹೆಚ್ಚೆಂದರೆ 10 ವರ್ಷಕ್ಕೆ ಒಮ್ಮೆಲೇ ಹಣ ಕಟ್ಟಿ ಇಟ್ಟುಕೊಳ್ಳಬಹುದು. ಕೇಬಲ್, ಕಂಬ, ರೌಟರ್‌ಗಳಿಗೆ ಮಾತ್ರ ನಿಜವಾದ ಮಾಲೀಕರಿದ್ದಾರೆ.

ಹಿನ್ನೆಲೆ

ಇಂಟರ್‌ನೆಟ್‌ನ ಪೂರ್ವಜ ಅರ್ಪಾನೆಟ್‌ನಲ್ಲಿ ಈ ಕೆಲಸ ಶುರುವಾಯಿತು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಯಾವ ಕಂಪ್ಯೂಟರ್ ಎಲ್ಲಿದೆ, ಅದರ ಹೊಣೆಗಾರರು ಯಾರು ಎಂಬ ಪಟ್ಟಿ ಇಟ್ಟುಕೊಂಡಿತ್ತು. ಅಂಕಿಗಳ ಹಂಚಿಕೆಯನ್ನು ಜಾನ್ ಪೋಸ್ಟೆಲ್ ನೋಡಿಕೊಳ್ಳುತ್ತಿದ್ದರು. 1982ರ ಮಾರ್ಚ್‌ನಲ್ಲಿ ಹೊರಬಂದ ಆರ್‌ಎಫ್‌ಸಿ 812 ಎಂಬ ದಾಖಲೆ ಈ ಪಟ್ಟಿಯನ್ನು ಜಾಲದ ಮೂಲಕವೇ ಕೇಳಿ ಪಡೆಯುವ ಕ್ರಮ ಹೇಳಿತು. ಅದೇ ಮುಂದೆ ಹೂಈಸ್ ಎಂದು ಪ್ರಸಿದ್ಧವಾಯಿತು. ಅರ್ಪಾನೆಟ್ ಬಳಸುವ ಪ್ರತಿಯೊಬ್ಬರೂ ತಮ್ಮ ಹೆಸರು, ಅಂಚೆ ವಿಳಾಸ, ಫೋನ್ ನಂಬರು ಕೊಡಬೇಕೆಂದು ಆಗ ಕೇಳಲಾಗಿತ್ತು. ಪರಿಚಿತರೇ ತುಂಬಿದ್ದ ಜಾಲದಲ್ಲಿ ಯಾರಿಗೂ ಅದು ತಪ್ಪಾಗಿ ಕಾಣಲಿಲ್ಲ.

ಜಾಲ ಬೆಳೆದಂತೆ ಒಂದೇ ಕಚೇರಿಗೆ ಇದು ನಿಭಾಯಿಸಲಾಗದ ಕೆಲಸವಾಯಿತು. ಯುರೋಪಿಗೆ ರೈಪ್ ಎನ್‌ಸಿಸಿ (1992), ಏಷ್ಯಾ-ಪೆಸಿಫಿಕ್‌ಗೆ ಎಪಿನಿಕ್ (1993), ಉತ್ತರ ಅಮೆರಿಕಕ್ಕೆ ಅರಿನ್ (1997), ಲ್ಯಾಟಿನ್ ಅಮೆರಿಕಕ್ಕೆ ಲ್ಯಾಕ್‌ನಿಕ್ (2002), ಆಫ್ರಿಕಾಕ್ಕೆ ಆಫ್ರಿನಿಕ್ (2005) ಹುಟ್ಟಿಕೊಂಡವು. ಭಾರತ ಎಪಿನಿಕ್ ವ್ಯಾಪ್ತಿಗೆ ಸೇರುತ್ತದೆ. ಅದರ ಕಚೇರಿ 1998ರಿಂದ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದೆ.

ಕರ್ನಾಟಕದಲ್ಲಿ ಈ ಕಥೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಆರಂಭವಾಗುತ್ತದೆ. ಶಿಕ್ಷಣ, ಸಂಶೋಧನಾ ಸಂಸ್ಥೆಗಳನ್ನು ಜೋಡಿಸಲು 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯ ಎಂಟು ಮೊದಲ ಕೇಂದ್ರಗಳಲ್ಲಿ ಅದೂ ಒಂದು. ಉಳಿದವು ಐದು ಐಐಟಿಗಳು, ಮುಂಬಯಿಯ ಎನ್‌ಸಿಎಸ್‌ಟಿ ಮತ್ತು ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ. 144.16 ಎಂದು ಶುರುವಾಗುವ 65,536 ಐಪಿ ವಿಳಾಸಗಳ ಗೊಂಚಲು ಇಂದಿಗೂ ಅರ್ನೆಟ್ ಇಂಡಿಯಾದ ಹೆಸರಿನಲ್ಲಿದೆ. ಆಗ ವಿಳಾಸಗಳಿಗೆ ಬರವಿರಲಿಲ್ಲ, ಕೇಳಿದವರಿಗೆ ಸಿಗುತ್ತಿದ್ದವು. ಈಗಿನ ಸ್ಥಿತಿಯೇ ಬೇರೆ. ಶಿರ್ವದ ಪಕ್ಕದ ಬಂಟಕಲ್ಲಿನಲ್ಲಿ ಶ್ರೀ ಮಧ್ವ ವಾದಿರಾಜ ತಾಂತ್ರಿಕ ಮಹಾವಿದ್ಯಾಲಯ 2010ರಲ್ಲಿ ಬಾಗಿಲು ತೆರೆಯಿತು. ಅದರ ಮರುವರ್ಷವೇ, 2011ರ ಫೆಬ್ರವರಿ 3ರಂದು, ಜಗತ್ತಿನ ಕೇಂದ್ರ ದಾಸ್ತಾನಿನಲ್ಲಿದ್ದ ಐಪಿವಿ4 ವಿಳಾಸಗಳೆಲ್ಲ ಹಂಚಿ ಮುಗಿದವು. ಏಪ್ರಿಲ್ 15ಕ್ಕೆ ಎಪಿನಿಕ್ ತನ್ನ ಕೊನೆಯ ಗೊಂಚಲಿಗೆ ಕೈಹಾಕಿ ಪಡಿತರದಂತೆ ಹಂಚತೊಡಗಿತು. 2019ರಿಂದ ಹೊಸ ಸದಸ್ಯರಿಗೆ ಸಿಗುವುದು ಹೆಚ್ಚೆಂದರೆ 512 ವಿಳಾಸ. ಸುಮಾರು 429 ಕೋಟಿ ವಿಳಾಸಗಳ ಒಟ್ಟು ಮೊತ್ತವೇ ಇಷ್ಟು ಬೇಗ ಖಾಲಿಯಾದ ಮೇಲೆ ಹಳೆಯ ಗೊಂಚಲುಗಳಿಗೆ ಬೆಲೆ ಬಂತು, ಬೆಲೆ ಬಂದದ್ದರಿಂದ ಕಳ್ಳತನವೂ ಬಂತು. ಒಡೆತನದ ದಾಖಲೆ ಬರಿಯ ಕಚೇರಿ ಕಾಗದವಾಗಿ ಉಳಿಯದೆ ಹೋದದ್ದು ಈ ಕಾರಣಕ್ಕೆ.

ಭಾರತದ ನೋಂದಣಿ ವ್ಯವಸ್ಥೆ

ನಿಕ್ಸಿ 2003ರ ಜೂನ್‌ನಲ್ಲಿ ಲಾಭರಹಿತ ಕಂಪನಿಯಾಗಿ ಸ್ಥಾಪನೆಯಾಯಿತು. ಡಾಟ್ ಇನ್ ಎಂಬ ದೇಶದ ಗುರುತು 1989ರಿಂದಲೇ ಇತ್ತಾದರೂ ಸಾಮಾನ್ಯರಿಗೆ ಸುಲಭವಾಗಿ ಸಿಗತೊಡಗಿದ್ದು 2005ರಲ್ಲಿ, ನಿಕ್ಸಿ ಅದರ ರಿಜಿಸ್ಟ್ರಿಯಾದ ಮೇಲೆ. 2012ರಲ್ಲಿ ಐಪಿ ವಿಳಾಸ ಮತ್ತು ಎಎಸ್ ಸಂಖ್ಯೆಗಳ ಹಂಚಿಕೆಗೆಂದು ಅದರಡಿಯಲ್ಲಿ ಐಆರ್‌ಐಎನ್‌ಎನ್ ಎಂಬ ರಾಷ್ಟ್ರೀಯ ನೋಂದಣಿ ಘಟಕ ಬಂತು. ಅಂದಿನಿಂದ ಭಾರತದ ಇಂಟರ್‌ನೆಟ್ ಸೇವಾ ಕಂಪನಿಯೊಂದು ವಿಳಾಸಗಳಿಗಾಗಿ ಬ್ರಿಸ್ಬೇನಿಗೆ ಬರೆಯಬೇಕಿಲ್ಲ.

ಎಲ್ಲ ಹೆಸರುಗಳೂ ಒಂದೇ ಕಿಟಕಿಯಲ್ಲಿ ಸಿಗುವುದಿಲ್ಲ. ಡಾಟ್ ಗವ್ ಡಾಟ್ ಇನ್ ಹೆಸರುಗಳನ್ನು ಕೇಂದ್ರ ಸರಕಾರದ ಎನ್‌ಐಸಿ ಮಾತ್ರ ಕೊಡುತ್ತದೆ. ಶಿಕ್ಷಣ ಸಂಸ್ಥೆಗಳ ಡಾಟ್ ಎಸಿ ಡಾಟ್ ಇನ್, ಡಾಟ್ ಇಡಿಯು ಡಾಟ್ ಇನ್ ಹೆಸರುಗಳು ಅರ್ನೆಟ್ ಇಂಡಿಯಾದ ಕೈಯಲ್ಲಿವೆ. ಈ ಏರ್ಪಾಡಿನಿಂದ ದಾಖಲೆಗೆ ಒಳ್ಳೆಯದೇ ಆಗಿದೆ. ಅರ್ಜಿಯ ಜೊತೆ ಸಂಸ್ಥೆಯ ಮುಖ್ಯಸ್ಥರ ಪತ್ರವಿಲ್ಲದೆ ಹೆಸರು ಸಿಗದಿರುವುದರಿಂದ, ಯಾರೋ ಒಬ್ಬರ ಸ್ವಂತ ಹೆಸರಿನಲ್ಲಿ ನೋಂದಣಿಯಾಗುವ ಸಂಭವ ಕಡಿಮೆ.

ಮಣಿಪಾಲದ ಉದಾಹರಣೆ ಇವೆರಡಕ್ಕಿಂತ ಭಿನ್ನ. ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಶನ್ ಬಳಸುವುದು ಡಾಟ್ ಇಡಿಯು ಹೆಸರನ್ನು, ಅಂದರೆ ಅಮೆರಿಕದ ಶಿಕ್ಷಣ ಸಂಸ್ಥೆಗಳಿಗೆಂದು ಮೀಸಲಾದ ವಲಯದ ಹೆಸರನ್ನು. ಆ ವಲಯವನ್ನು 2001ರಿಂದ ಎಜುಕಾಸ್ ಎಂಬ ಸಂಘ ನಡೆಸುತ್ತಿದೆ. ಅಮೆರಿಕದಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ ಹೊಸ ಹೆಸರು ಎಂಬ ನಿಯಮ ಆ ವರ್ಷದ ಅಕ್ಟೋಬರ್ ಕೊನೆಗೆ ಬಂತು, ಮೊದಲೇ ಪಡೆದವರು ಉಳಿಸಿಕೊಳ್ಳಬಹುದಾಗಿತ್ತು. ಇಂಥ ಹೆಸರನ್ನು ಅಂಗಡಿಯಲ್ಲಿ ಮತ್ತೆ ಕೊಳ್ಳಲಾಗದು. ಹಾಗಾಗಿ ಅದರ ಆಡಳಿತ ಸಂಪರ್ಕ, ತಾಂತ್ರಿಕ ಸಂಪರ್ಕಗಳ ಇಮೇಲ್ ಸದಾ ಜೀವಂತವಾಗಿರಲೇಬೇಕು.

ಕರ್ನಾಟಕದ ನ್ಯಾಯಾಲಯಗಳಲ್ಲಿ ಹುಟ್ಟಿದ ಪ್ರಕರಣವೊಂದು ದೇಶದ ಡೊಮೈನ್ ಕಾನೂನಿಗೇ ತಳಹದಿಯಾಯಿತು. ಸಿಫಿ ಎಂಬ ಹೆಸರಿನಲ್ಲಿ ವ್ಯವಹರಿಸುತ್ತಿದ್ದ ಸತ್ಯಂ ಇನ್ಫೋವೇ ಕಂಪನಿ, ಅದನ್ನೇ ಹೋಲುವ ಸಿಫಿನೆಟ್ ಎಂಬ ಡೊಮೈನ್ ಹೆಸರಿಟ್ಟುಕೊಂಡ ಇನ್ನೊಂದು ಕಂಪನಿಯ ಮೇಲೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿತು. ಅಲ್ಲಿ ತಡೆಯಾಜ್ಞೆ ಸಿಕ್ಕಿತು, ಹೈಕೋರ್ಟಿನಲ್ಲಿ ಅದು ರದ್ದಾಯಿತು. 2004ರ ಮೇ 6ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಮತ್ತೆ ಎತ್ತಿಹಿಡಿದು, ಡೊಮೈನ್ ಹೆಸರಿಗೆ ಟ್ರೇಡ್‌ಮಾರ್ಕಿನ ಲಕ್ಷಣಗಳಿವೆ ಎಂದಿತು. ಮೊದಲು ನೋಂದಾಯಿಸಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ ಎಂಬುದು ಇದರಿಂದ ಖಚಿತವಾಯಿತು. ಡಾಟ್ ಇನ್ ಹೆಸರುಗಳ ತಕರಾರಿಗೆ ಈಗ ಐಎನ್‌ಡಿಆರ್‌ಪಿ ಎಂಬ ಮಧ್ಯಸ್ಥಿಕೆಯ ವಿಧಾನವೂ ಇದೆ.

ಸಂಪರ್ಕದ ವಿವರ ಏಕೆ ಬೇಕು

2008ರ ಫೆಬ್ರವರಿಯಲ್ಲಿ ಪಾಕಿಸ್ತಾನ ಸರಕಾರ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಆದೇಶಿಸಿತು. ಪಾಕಿಸ್ತಾನ ಟೆಲಿಕಾಂ ಯೂಟ್ಯೂಬಿನ 256 ವಿಳಾಸಗಳ ದಾರಿ ತನ್ನಲ್ಲೇ ಇದೆ ಎಂದು ರೌಟರ್‌ನಲ್ಲಿ ಸಾರಿತು. ದೇಶದೊಳಗೆ ಉಳಿಯಬೇಕಿದ್ದ ಆ ಸಾರಿಕೆ ಹಾಂಕಾಂಗಿನ ಪಿಸಿಸಿಡಬ್ಲ್ಯು ಕಂಪನಿಯ ಮೂಲಕ ಜಗತ್ತಿಗೆಲ್ಲ ಹರಡಿತು. ಭಾರತದ ಗಡಿಯಾರದಲ್ಲಿ ಫೆಬ್ರವರಿ 25ರ ನಸುಕಿನ 12.17ಕ್ಕೆ ಶುರುವಾದ ಈ ಅವಾಂತರಕ್ಕೆ ಯೂಟ್ಯೂಬ್ 1.37ಕ್ಕೆ ಪ್ರತಿ ಸಾರಿಕೆ ಹೊರಡಿಸಿತು. ಪೂರ್ತಿ ಸರಿಹೋದದ್ದು 2.31ಕ್ಕೆ, ಪಿಸಿಸಿಡಬ್ಲ್ಯು ಆ ಸಾರಿಕೆಗಳನ್ನು ಹಿಂತೆಗೆದ ಮೇಲೆ. ಬಿಜಿಪಿ ಎಂಬ ದಾರಿ ಹೇಳುವ ಕ್ರಮ ಪರಸ್ಪರ ನಂಬಿಕೆಯ ಮೇಲೆ ನಿಂತಿದೆ, ಸುಳ್ಳು ಹೇಳಿದವರನ್ನು ತಾನಾಗಿ ತಡೆಯುವ ಶಕ್ತಿ ಅದಕ್ಕಿಲ್ಲ. ತಪ್ಪು ಸಾರಿಕೆ ಬಂದಾಗ ಯಾವ ಎಎಸ್ ಸಂಖ್ಯೆಯಿಂದ ಬಂತು, ಅದು ಯಾರದು, ಅವರಿಗೆ ಮೇಲಿನ ಸಂಪರ್ಕ ಕೊಡುವವರು ಯಾರು, ಅವರ ಜಾಲ ನಿಯಂತ್ರಣ ಕೊಠಡಿಯ ಫೋನ್ ಯಾವುದು ಎಂದು ಹುಡುಕಿಯೇ ನಿಲ್ಲಿಸಬೇಕು.

ಭಾರತದ ಕಂಪನಿಗಳೂ ಇಂಥ ಎಡವಟ್ಟಿನಿಂದ ಹೊರತಲ್ಲ. 2015ರ ನವೆಂಬರ್ 6ರಂದು ಭಾರ್ತಿ ಏರ್‌ಟೆಲ್ ಜಾಲದಿಂದ ಬೇರೆಯವರ 16 ಸಾವಿರಕ್ಕೂ ಹೆಚ್ಚು ವಿಳಾಸ ಗೊಂಚಲುಗಳ ತಪ್ಪು ಸಾರಿಕೆ ಹೊರಟಿತು. 2021ರ ಏಪ್ರಿಲ್ 16ರಂದು ವೊಡಾಫೋನ್ ಐಡಿಯಾ ಜಾಲದಿಂದ ಇಂಥ 30 ಸಾವಿರಕ್ಕೂ ಹೆಚ್ಚು ಸಾರಿಕೆಗಳು ಹೋದವು. ಇದಕ್ಕೆ ತಾಂತ್ರಿಕ ಪರಿಹಾರವಾಗಿ ಬಂದಿರುವುದು ಆರ್‌ಪಿಕೆಐ. ಈ ಗೊಂಚಲನ್ನು ಈ ಎಎಸ್ ಸಂಖ್ಯೆ ಮಾತ್ರ ಸಾರಬಹುದು ಎಂದು ವಿಳಾಸದ ಹಕ್ಕುದಾರರು ಸಹಿ ಮಾಡಿಡುತ್ತಾರೆ. ಸಹಿಯನ್ನು ನೋಡಿ ತಪ್ಪನ್ನು ತಳ್ಳಿಹಾಕುವ ಕೆಲಸ ಉಳಿದ ಜಾಲಗಳದು. ಸಹಿ ಮಾಡಬೇಕಾದವರು ನೋಂದಣಿ ಖಾತೆಯ ಕೀಲಿ ಯಾರಲ್ಲಿದೆ ಎಂದು ಅರಿಯದೆ ಕೂತರೆ ಆರ್‌ಪಿಕೆಐ ಕೂಡ ಕೆಲಸಕ್ಕೆ ಬಾರದು.

ದುರ್ಬಳಕೆಯ ದೂರಿಗೆ ಬೇರೆಯೇ ಸಂಪರ್ಕ ಬೇಕು. ಎಪಿನಿಕ್ 2010ರ ನವೆಂಬರ್‌ನಿಂದ ಪ್ರತಿ ವಿಳಾಸ ಗೊಂಚಲಿಗೂ ಐಆರ್‌ಟಿ ಎಂಬ ತುರ್ತು ತಂಡದ ವಿವರವನ್ನು ಕಡ್ಡಾಯ ಮಾಡಿತು. ಆದರೂ ಎಷ್ಟೋ ಇಮೇಲ್‌ಗಳು ಹಿಂದಿರುಗುತ್ತಿದ್ದವು. ಹಾಗಾಗಿ 2019ರಿಂದ ಆರು ತಿಂಗಳಿಗೊಮ್ಮೆ ಆ ವಿಳಾಸಕ್ಕೆ ಪರೀಕ್ಷಾ ಸಂದೇಶ ಹೋಗುತ್ತದೆ. ಗಡುವಿನೊಳಗೆ ಉತ್ತರಿಸದಿದ್ದರೆ ಆ ಸಂಪರ್ಕ ಅಮಾನ್ಯವೆಂದು ಸಾರ್ವಜನಿಕ ದಾಖಲೆಯಲ್ಲೇ ಗುರುತಾಗುತ್ತದೆ. ಈ ಕ್ಷೇತ್ರದಲ್ಲಿ ಬಂದ ಸುಧಾರಣೆಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ದಾಖಲೆ ಬರೆಸಿಕೊಳ್ಳುವ ಕಚೇರಿಗಳು ಬೇಕಾದಷ್ಟಿವೆ. ಬರೆದದ್ದು ಇನ್ನೂ ನಿಜವೇ ಎಂದು ಬಾಗಿಲು ತಟ್ಟಿ ಕೇಳುವ ಕಚೇರಿ ಅಪರೂಪ.

ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ವಿಳಾಸಗಳ್ಳರ ವಿಧಾನವೇ ಸಾಕ್ಷಿ. ಮುಚ್ಚಿಹೋದ ಕಂಪನಿಯ ಹೆಸರಿನಲ್ಲಿ ಹಳೆಯ ವಿಳಾಸ ಗೊಂಚಲು ಉಳಿದಿರುತ್ತದೆ. ಅದರ ಸಂಪರ್ಕ ಇಮೇಲ್ ಇರುವ ಡೊಮೈನ್ ಹೆಸರು ನವೀಕರಣವಾಗದೆ ಬಿದ್ದುಹೋಗಿರುತ್ತದೆ. ಕಳ್ಳರು ಆ ಡೊಮೈನನ್ನು ಕೆಲವು ನೂರು ರೂಪಾಯಿಗೆ ಕೊಂಡು, ಅದೇ ಇಮೇಲ್ ಮತ್ತೆ ಹುಟ್ಟಿಸಿ, ನೋಂದಣಿ ಸಂಸ್ಥೆಗೆ ಹಕ್ಕುದಾರರಂತೆ ಬರೆಯುತ್ತಾರೆ. ಸುಳ್ಳು ಕಂಪನಿಗಳನ್ನು ಕಟ್ಟಿ ಹೊಸದಾಗಿ ವಿಳಾಸ ಪಡೆಯುವ ದಾರಿಯೂ ಇದೆ. 2019ರಲ್ಲಿ ಅಮೆರಿಕದಲ್ಲಿ ಮಿಕ್ಫೋ ಕಂಪನಿಯ ಮುಖ್ಯಸ್ಥನ ಮೇಲೆ ಹೀಗೆ ಅರಿನ್‌ನಿಂದ ಸುಮಾರು 7.5 ಲಕ್ಷ ವಿಳಾಸ ಲಪಟಾಯಿಸಿದ ಮೊಕದ್ದಮೆ ಹೂಡಲಾಯಿತು, 2021ರಲ್ಲಿ ಆತ ತಪ್ಪೊಪ್ಪಿಕೊಂಡ.

ಬ್ಯಾಂಕುಗಳ ವಿಲೀನ

ಒಡೆತನ ಕೈಬದಲಾಗುವುದನ್ನು ಉಡುಪಿ ಜಿಲ್ಲೆಯಷ್ಟು ಹತ್ತಿರದಿಂದ ಕಂಡ ಪ್ರದೇಶ ಕಡಿಮೆ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿ ಮಣಿಪಾಲದಲ್ಲಿ ನೆಲೆಯೂರಿದ್ದ ಸಿಂಡಿಕೇಟ್ ಬ್ಯಾಂಕ್ ಅದೇ ದಿನ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತ್ತು. ಗ್ರಾಹಕರಿಗೆ ಕಂಡದ್ದು ಬದಲಾದ ಬೋರ್ಡು, ಹೊಸ ಚೆಕ್‌ಬುಕ್ಕು, ಹೊಸ ಐಎಫ್‌ಎಸ್‌ಸಿ. ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಿಂತವು. ಅಲ್ಲಿಯವರೆಗೆ ಗಲ್ಫಿನಿಂದಲೂ ಮುಂಬಯಿಯಿಂದಲೂ ಶಿರ್ವದ ಮನೆಗಳಿಗೆ ಹಣ ಕಳಿಸುತ್ತಿದ್ದವರೆಲ್ಲ ತಮ್ಮ ಪಟ್ಟಿ ತಿದ್ದಿಕೊಳ್ಳಬೇಕಾಯಿತು.

ಗ್ರಾಹಕರಿಗೆ ಕಾಣದ ಬದಲಾವಣೆ ಇದಕ್ಕಿಂತ ದೊಡ್ಡದು. ವಿಲೀನವಾದ ಸಂಸ್ಥೆಯ ಡೊಮೈನ್ ಹೆಸರುಗಳು, ಐಪಿ ಗೊಂಚಲುಗಳು, ಶಾಖೆಗಳಿಗೆ ಬಾಡಿಗೆಗೆ ಪಡೆದ ಲೀಸ್ ಲೈನ್‌ಗಳು, ಎಟಿಎಂ ಸಂಪರ್ಕಗಳು, ಭದ್ರತಾ ಪ್ರಮಾಣಪತ್ರಗಳು ಎಲ್ಲವೂ ಹೊಸ ಹೆಸರಿಗೆ ಬರಬೇಕು. ವಿಳಾಸಗಳ ವಿಷಯದಲ್ಲಿ ನೋಂದಣಿ ಸಂಸ್ಥೆಗಳು ವಿಲೀನದ ಕಾನೂನು ದಾಖಲೆ ಕೇಳಿ ಹಕ್ಕು ಬದಲಿಸುತ್ತವೆ. ಡೊಮೈನಿನ ವಿಷಯದಲ್ಲಿ ಅವಸರ ಕೂಡದು. ಹಳೆಯ ಬ್ಯಾಂಕಿನ ಹೆಸರು ಇನ್ನು ಬೇಡವೆಂದು ನವೀಕರಿಸದೆ ಬಿಟ್ಟರೆ, ಅದನ್ನು ಕೊಂಡವರು ಹಳೆಯ ಗ್ರಾಹಕರ ಪಾಸ್‌ವರ್ಡು ಕದಿಯುವ ಪುಟ ಕಟ್ಟಬಹುದು. ಹಳೆಯ ಇಮೇಲಿಗೆ ಇನ್ನೂ ಬರುತ್ತಿರುವ ಪತ್ರಗಳನ್ನೂ ಓದಬಹುದು. ಹಾಗಾಗಿ ವಿಲೀನವಾದ ಬ್ಯಾಂಕಿನ ಹೆಸರನ್ನು ಬಳಕೆ ನಿಂತ ಮೇಲೂ ವರ್ಷಗಟ್ಟಲೆ ಹಣ ಕಟ್ಟಿ ಇಟ್ಟುಕೊಳ್ಳುವುದೇ ಸರಿಯಾದ ಕ್ರಮ.

ರಿಸರ್ವ್ ಬ್ಯಾಂಕ್ ಇದಕ್ಕೆ ಇನ್ನೊಂದು ಮಗ್ಗುಲಿನಿಂದ ಉತ್ತರ ಹುಡುಕಿತು. ಬ್ಯಾಂಕುಗಳಿಗೆ ಮಾತ್ರ ಮೀಸಲಾದ ಡಾಟ್ ಬ್ಯಾಂಕ್ ಡಾಟ್ ಇನ್ ವಲಯವನ್ನು 2025ರ ಫೆಬ್ರವರಿ 7ರಂದು ಪ್ರಕಟಿಸಿ, ಏಪ್ರಿಲ್ 22ರ ಸುತ್ತೋಲೆಯಲ್ಲಿ ಎಲ್ಲ ಬ್ಯಾಂಕುಗಳೂ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗಬೇಕೆಂದು ಹೇಳಿತು. ಇಲ್ಲಿ ಹೆಸರು ಕೊಡುವ ಏಕೈಕ ರಿಜಿಸ್ಟ್ರಾರ್ ಹೈದರಾಬಾದಿನ ಐಡಿಆರ್‌ಬಿಟಿ. ಬ್ಯಾಂಕ್ ಅಲ್ಲದವರಿಗೆ ಅಲ್ಲಿ ಹೆಸರೇ ಸಿಗದು. ಹೆಸರಿನ ಹಿಂದೆ ಯಾರಿದ್ದಾರೆ ಎಂದು ಗ್ರಾಹಕರು ಹುಡುಕಬೇಕಾದ ಕಷ್ಟವನ್ನು ನೋಂದಣಿಯ ಬಾಗಿಲಲ್ಲೇ ತೀರಿಸುವ ಈ ವಿಧಾನ ಸಹಕಾರಿ ಸಂಘಗಳಿಗೂ ಆಸ್ಪತ್ರೆಗಳಿಗೂ ಬಂದರೆ ಒಳ್ಳೆಯದು.

ಊರಿನ ಸಂಘ ಸಂಸ್ಥೆಗಳು

ದೊಡ್ಡ ಬ್ಯಾಂಕಿಗೆ ಕಾನೂನು ವಿಭಾಗವಿದೆ. ದೇವಸ್ಥಾನ, ಚರ್ಚು, ಮಸೀದಿ, ಯುವಕ ಮಂಡಲ, ಸಹಕಾರಿ ಸಂಘ, ಅನುದಾನಿತ ಶಾಲೆಗಳಿಗೆ ಅಂಥದ್ದಿಲ್ಲ. ಕರಾವಳಿಯಲ್ಲಿ ಇವುಗಳ ವೆಬ್‌ಸೈಟು ಹುಟ್ಟುವುದು ಹೆಚ್ಚಾಗಿ ಬ್ರಹ್ಮಕಲಶೋತ್ಸವ, ಶತಮಾನೋತ್ಸವ, ವಜ್ರಮಹೋತ್ಸವದ ಸಂದರ್ಭದಲ್ಲಿ. ಎಂಜಿನಿಯರಿಂಗ್ ಓದುತ್ತಿರುವ ಊರಿನ ಹುಡುಗನೊಬ್ಬ ಪ್ರೀತಿಯಿಂದ ಮಾಡಿಕೊಡುತ್ತಾನೆ. ಡೊಮೈನ್ ಅವನ ಜಿಮೇಲ್‌ನಲ್ಲಿ, ಅವನ ಮೊಬೈಲ್ ನಂಬರಿನಲ್ಲಿ, ಅವನ ಕಾರ್ಡಿನಿಂದ ಕಟ್ಟಿದ ಹಣದಲ್ಲಿ ನೋಂದಣಿಯಾಗುತ್ತದೆ. ಎರಡು ವರ್ಷದಲ್ಲಿ ಅವನಿಗೆ ದುಬೈಯಲ್ಲಿ ಕೆಲಸ ಸಿಗುತ್ತದೆ. ಊರಿನ ಸಿಮ್ ರೀಚಾರ್ಜ್ ಇಲ್ಲದೆ ಸಾಯುತ್ತದೆ, ಒಟಿಪಿ ಬರುವುದಿಲ್ಲ, ಕಾರ್ಡಿನ ಅವಧಿ ಮುಗಿಯುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಸಮಿತಿಯವರಿಗೆ ವಿಷಯ ತಿಳಿಯುವುದು ಭಕ್ತರೊಬ್ಬರು ಸೈಟು ತೆರೆದಾಗ ಜೂಜಿನ ಜಾಹೀರಾತು ಕಂಡ ದಿನ.

ಇಂಥ ಹೊತ್ತಿಗೆ ನಿಯಮದಲ್ಲಿ ಕಾಲಾವಕಾಶವಿದೆ. ಡಾಟ್ ಕಾಂ ಹೆಸರಿನ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲೊಮ್ಮೆ, ಒಂದು ವಾರ ಮೊದಲೊಮ್ಮೆ, ಮುಗಿದ ಐದು ದಿನದೊಳಗೆ ಇನ್ನೊಮ್ಮೆ ರಿಜಿಸ್ಟ್ರಾರ್ ನೋಟಿಸು ಕಳಿಸಲೇಬೇಕು. ಅವಧಿ ಮುಗಿದ ಮೇಲೂ ರಿಜಿಸ್ಟ್ರಾರಿಗೆ ತಕ್ಕಂತೆ 45 ದಿನಗಳವರೆಗೆ ಸಾಮಾನ್ಯ ದರದಲ್ಲಿ ನವೀಕರಿಸಲು ಅವಕಾಶ ಸಿಗಬಹುದು. ಅಳಿಸಿಹಾಕಿದ ನಂತರ 30 ದಿನ ಹೆಚ್ಚಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ಮುಗಿದು 5 ದಿನ ಕಳೆದರೆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ಈ ಎಲ್ಲ ನೋಟಿಸುಗಳೂ ಹೋಗುವುದು ದಾಖಲೆಯಲ್ಲಿರುವ ಇಮೇಲಿಗೆ, ಅದನ್ನು ತೆರೆಯುವವರು ಇಲ್ಲದಿದ್ದರೆ ಕಾಲಾವಕಾಶವೆಲ್ಲ ಸುಮ್ಮನೆ ಕಳೆದುಹೋಗುತ್ತದೆ.

ಪರಿಹಾರ ಹಳೆಯದು, ಖರ್ಚಿಲ್ಲದ್ದು. 1997ರ ಆರ್‌ಎಫ್‌ಸಿ 2142 ವ್ಯಕ್ತಿಯ ಹೆಸರಿನ ಬದಲು ಹುದ್ದೆಯ ಹೆಸರಿನ ಇಮೇಲ್ ಇಡಿ ಎಂದು ಹೇಳಿತು: ದುರ್ಬಳಕೆಯ ದೂರಿಗೆ ಅಬ್ಯೂಸ್, ಜಾಲ ನಿರ್ವಹಣೆಗೆ ನಾಕ್, ಭದ್ರತೆಗೆ ಸೆಕ್ಯುರಿಟಿ. ಊರಿನ ಸಂಘಕ್ಕೆ ಇಷ್ಟೆಲ್ಲ ಬೇಕಿಲ್ಲ. ಕಾರ್ಯದರ್ಶಿ ಎಂಬ ಹುದ್ದೆಗೊಂದು ಇಮೇಲ್, ಅದು ಕನಿಷ್ಠ ಇಬ್ಬರಿಗೆ ತಲುಪುವ ಏರ್ಪಾಡು ಇದ್ದರೆ ಸಾಕು. ಒಂದು ಎಚ್ಚರಿಕೆ: ಆ ಇಮೇಲ್ ಅದೇ ಡೊಮೈನಿನ ಮೇಲೆ ಇರಬಾರದು. ಹೆಸರು ನಿಂತರೆ ಅದನ್ನು ಉಳಿಸುವ ಪತ್ರವೂ ತಲುಪದು.

ನೆಲದ ಮೇಲಿನ ಜಾಲ

ಕುಂದಾಪುರದಿಂದ ತಲಪಾಡಿಯವರೆಗೆ ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ವರ್ಷಗಳಲ್ಲಿ ಕಟಪಾಡಿ, ಕಾಪು, ಪಡುಬಿದ್ರಿಯ ಜನಕ್ಕೆ ಜೆಸಿಬಿ ಮತ್ತು ಕೇಬಲ್ ತುಂಡಾಗುವುದರ ನಂಟು ಚೆನ್ನಾಗಿ ತಿಳಿಯಿತು. ಭೂಮಿಯೊಳಗೆ ಯಾರ ಫೈಬರ್ ಹೋಗಿದೆ ಎಂದು ಅಗೆಯುವವರಿಗೆ ತಿಳಿಯುವ ಒಂದು ದಾರಿಯೆಂದರೆ ರಸ್ತೆ ಬದಿಯ ಓಎಫ್‌ಸಿ ಕಲ್ಲುಗಳು. ಅವುಗಳ ಮೇಲೆ ಕಂಪನಿಯ ಹೆಸರು, ಅಗೆಯಬೇಡಿ ಎಂಬ ಸೂಚನೆ, ಒಂದು ಫೋನ್ ನಂಬರು ಇರುತ್ತದೆ. ಕರಾವಳಿಯ ನಾಲ್ಕು ಮಳೆಗಾಲ ಕಳೆದರೆ ಪಾಚಿ ಹತ್ತಿ ಅಕ್ಷರ ಮಾಸುತ್ತದೆ, ನಂಬರು ಹಳೆಯ ಲ್ಯಾಂಡ್‌ಲೈನಿನದಾಗಿದ್ದರೆ ಅಕ್ಷರ ಕಂಡರೂ ಪ್ರಯೋಜನವಿಲ್ಲ.

ಮನಬಂದಂತೆ ಅಗೆಯುವುದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವೆಂದು ಕೇಂದ್ರ ಸರಕಾರ ಹೇಳಿದೆ. ಇದನ್ನು ತಡೆಯಲೆಂದು 2023ರ ಮಾರ್ಚ್ 22ರಂದು ಕಾಲ್ ಬಿಫೋರ್ ಯು ಡಿಗ್ ಎಂಬ ಆಪ್ ಬಂತು. ಅಗೆಯುವವರು ಜಾಗವನ್ನು ಅದರಲ್ಲಿ ಗುರುತಿಸಿದರೆ, ಅಲ್ಲಿ ಕೇಬಲ್, ಕೊಳವೆ ಹಾಕಿರುವ ಸಂಸ್ಥೆಗಳಿಗೆ ಎಸ್‌ಎಂಎಸ್, ಇಮೇಲ್ ಹೋಗುತ್ತದೆ. ಇಬ್ಬರೂ ಮಾತಾಡಿಕೊಂಡು ಕೆಲಸ ಮುಂದುವರಿಸಬಹುದು. ಇದು ಹೂಈಸ್‌ನ ಕೆಲಸವೇ, ಮಣ್ಣಿನ ಮಟ್ಟದಲ್ಲಿ. ಕಂಬ ನೆಡಲು, ಕೇಬಲ್ ಎಳೆಯಲು ಅನುಮತಿ ಕೊಡುವ ರೈಟ್ ಆಫ್ ವೇ ನಿಯಮಗಳು 2016ರಲ್ಲಿ ಬಂದಿದ್ದವು. ದೂರಸಂಪರ್ಕ ಕಾಯ್ದೆ 2023ರ ಅಡಿಯಲ್ಲಿ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ.

ಕಂಬಗಳ ಲೆಕ್ಕ ಇನ್ನೂ ಗೋಜಲು. ಉಡುಪಿ ಜಿಲ್ಲೆಯ ವಿದ್ಯುತ್ ಕಂಬಗಳು ಮೆಸ್ಕಾಂನವು. ಅವುಗಳ ಮೇಲೆ ಕೇಬಲ್ ಟಿವಿಯವರ, ಇಂಟರ್‌ನೆಟ್ ಕಂಪನಿಗಳ ಕಪ್ಪು ಫೈಬರ್ ತಂತಿಗಳು ಹೋಗುತ್ತವೆ. ಒಂದೇ ಕಂಬದಿಂದ ನಾಲ್ಕೈದು ತಂತಿ ಇಳಿಬಿದ್ದಿದ್ದರೆ ಯಾವುದು ಬಳಕೆಯಲ್ಲಿದೆ, ಯಾವುದು ಬಿಟ್ಟುಹೋದದ್ದು ಎಂದು ಲೈನ್‌ಮ್ಯಾನ್‌ಗೂ ಹೇಳಲಾಗದು. ತಂತಿಗೆ ಕಂಪನಿಯ ಹೆಸರು, ನಂಬರು ಬರೆದ ಪ್ಲಾಸ್ಟಿಕ್ ಚೀಟಿ ಕಟ್ಟುವ ಸಣ್ಣ ಶಿಸ್ತು ಈ ಗೋಜಲನ್ನು ಅರ್ಧ ಬಿಡಿಸುತ್ತದೆ. ಗ್ರಾಮ ಪಂಚಾಯತಿಗಳಿಗೆ ಹೋಗುವ ಭಾರತ್‌ನೆಟ್ ಫೈಬರಿನಲ್ಲೂ ಇದೇ ಪ್ರಶ್ನೆ. 2011ರಲ್ಲಿ ಮಂಜೂರಾದ ಆ ಯೋಜನೆಗೆ ಬಿಬಿಎನ್‌ಎಲ್ ಎಂಬ ಕಂಪನಿ ಕಟ್ಟಲಾಯಿತು. ತಂತಿ ಎಳೆಯುವ ಕೆಲಸ ಬಿಎಸ್‌ಎನ್‌ಎಲ್, ರೈಲ್‌ಟೆಲ್, ಪವರ್‌ಗ್ರಿಡ್‌ಗಳಿಗೆ ಹಂಚಿಹೋಯಿತು. 2022ರಲ್ಲಿ ಬಿಬಿಎನ್‌ಎಲ್ ಅನ್ನು ಬಿಎಸ್‌ಎನ್‌ಎಲ್‌ಗೆ ಸೇರಿಸಲು ಸಂಪುಟ ಒಪ್ಪಿತು. ಪಂಚಾಯತಿ ಕಚೇರಿಯ ಗೋಡೆಯ ಮೇಲಿನ ಪೆಟ್ಟಿಗೆಯ ದೀಪ ಆರಿದಾಗ ಪಿಡಿಒ ಯಾರನ್ನು ಕರೆಯಬೇಕೆಂಬುದು ಆ ಪೆಟ್ಟಿಗೆಯ ಮೇಲೆಯೇ ಬರೆದಿರಬೇಕು.

ಒಳಜಾಲದ ಲೆಕ್ಕ

10 ಅಥವಾ 192.168 ಎಂದು ಶುರುವಾಗುವ ಖಾಸಗಿ ವಿಳಾಸಗಳನ್ನು 1996ರ ಆರ್‌ಎಫ್‌ಸಿ 1918 ಪ್ರಕಾರ ಯಾರು ಬೇಕಾದರೂ ಒಳಗೆ ಬಳಸಬಹುದು, ಅವನ್ನು ಯಾರು ಎಲ್ಲಿ ಬಳಸುತ್ತಿದ್ದಾರೆ ಎಂಬ ದಾಖಲೆ ಜಗತ್ತಿನ ಯಾವ ರಿಜಿಸ್ಟ್ರಿಯಲ್ಲೂ ಇಲ್ಲ. ಹಾಗಾಗಿ ಸಂಸ್ಥೆಯೇ ತನ್ನ ಲೆಕ್ಕ ಇಡಬೇಕು. ಹೆಚ್ಚಿನ ಕಡೆ ಅದು ಒಬ್ಬರ ಕಂಪ್ಯೂಟರಿನ ಎಕ್ಸೆಲ್ ಶೀಟು. ಚಿಕ್ಕ ಕಾಲೇಜಿಗೆ ಅದು ಸಾಲುತ್ತದೆ, ಆದರೆ ಹಾಸ್ಟೆಲ್, ಆಸ್ಪತ್ರೆ, ಪ್ರಯೋಗಾಲಯಗಳು ಹರಡಿರುವ ಮಣಿಪಾಲದಂಥ ಆವರಣಕ್ಕೆ ಸಾಲದು. ಇದಕ್ಕೆಂದೇ ಇರುವ ತಂತ್ರಾಂಶಗಳಲ್ಲಿ ಹೆಸರಾದದ್ದು ನೆಟ್‌ಬಾಕ್ಸ್. ಅಮೆರಿಕದ ಡಿಜಿಟಲ್ ಓಷನ್ ಕಂಪನಿಯಲ್ಲಿ ಬೆಳೆದು 2016ರಲ್ಲಿ ಮುಕ್ತವಾಗಿ ಎಲ್ಲರಿಗೂ ಸಿಕ್ಕಿತು. ಇದರಲ್ಲಿ ಪ್ರತಿ ವಿಳಾಸ, ಸ್ವಿಚ್, ರ‍್ಯಾಕ್, ಲೈನ್‌ಗೂ ಅದು ಯಾವ ವಿಭಾಗದ್ದು ಎಂದು ಟೆನೆಂಟ್ ಎಂಬ ಗುರುತು ಹಾಕಬಹುದು. 2021ರ ಕೊನೆಯಲ್ಲಿ ಬಂದ 3.1 ಆವೃತ್ತಿಯಿಂದ ಸಂಪರ್ಕ ವ್ಯಕ್ತಿಗಳನ್ನು, ಅವರ ಪಾತ್ರ ಮತ್ತು ಆದ್ಯತೆಯ ಸಹಿತ, ಹಲವು ಬಗೆಯ ವಸ್ತುಗಳಿಗೆ ಜೋಡಿಸಬಹುದು. ಒಬ್ಬರ ಫೋನ್ ನಂಬರು ಒಂದು ಕಡೆ ತಿದ್ದಿದರೆ ಅವರ ಹೊಣೆಯಲ್ಲಿರುವ ನೂರು ಸ್ವಿಚ್‌ಗಳಿಗೂ ತಿದ್ದಿದಂತಾಗುತ್ತದೆ. ಎಕ್ಸೆಲ್ ಶೀಟಿನಲ್ಲಿ ಆಗದಿದ್ದುದು ಇದೇ.

ಗೌಪ್ಯತೆ ಮತ್ತು ಕಾನೂನು

2018ರ ಮೇ 25ರಂದು ಯುರೋಪಿನ ದತ್ತಾಂಶ ರಕ್ಷಣಾ ನಿಯಮವಾದ ಜಿಡಿಪಿಆರ್ ಜಾರಿಯಾದಾಗ, ಹೂಈಸ್‌ನಲ್ಲಿ ಎಲ್ಲರಿಗೂ ಕಾಣುತ್ತಿದ್ದ ಹೆಸರು, ಫೋನ್, ಇಮೇಲ್‌ಗಳ ಬಹುಪಾಲು ಮುಚ್ಚಿಹೋಯಿತು. ಸ್ಪ್ಯಾಮ್ ಕರೆಗಳಿಂದ ಬಳಲಿದವರಿಗೆ ನೆಮ್ಮದಿಯಾಯಿತು; ಮೋಸದ ಸೈಟುಗಳ ಬೆನ್ನುಹತ್ತುವ ಪೊಲೀಸರಿಗೂ ಸಂಶೋಧಕರಿಗೂ ದಾರಿ ಕಡಿದಾಯಿತು. ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಮನೆಯಲ್ಲಿ ಕೂತು ಬ್ಲಾಗ್ ಬರೆಯುವ ಹೆಣ್ಣುಮಗಳ ಮನೆ ವಿಳಾಸ ಜಗತ್ತಿಗೆ ಕಾಣಬೇಕಿಲ್ಲ, ಹಣ ಸಂಗ್ರಹಿಸುವ ಸಂಸ್ಥೆಯ ವಿಳಾಸ ಕಾಣಲೇಬೇಕು. ಡಾಟ್ ಇನ್ ಹೆಸರುಗಳಲ್ಲಿ ಮಧ್ಯವರ್ತಿಯ ಹೆಸರಿಟ್ಟು ನಿಜವಾದ ನೋಂದಣಿದಾರರನ್ನು ಮರೆಮಾಚುವ ಸೇವೆಗೆ ನಿಕ್ಸಿ ಅವಕಾಶ ಕೊಡುವುದಿಲ್ಲ.

ಹೂಈಸ್‌ನ ಜಾಗಕ್ಕೆ ಈಗ ಬಂದಿರುವುದು ಆರ್‌ಡ್ಯಾಪ್. 2015ರಲ್ಲಿ ರೂಪುಗೊಂಡ ಈ ಕ್ರಮದಲ್ಲಿ ಕೇಳುವವರ ಅಧಿಕಾರಕ್ಕೆ ತಕ್ಕಂತೆ ಹೆಚ್ಚು ಅಥವಾ ಕಡಿಮೆ ವಿವರ ಕೊಡಬಹುದು. 2025ರ ಜನವರಿ 28ರಿಂದ ಡಾಟ್ ಕಾಂನಂಥ ಸಾಮಾನ್ಯ ವಲಯಗಳಲ್ಲಿ ಹೂಈಸ್ ಕಡ್ಡಾಯವಲ್ಲ. ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಲಾಭವಿದೆ. ಹೂಈಸ್‌ಗೆ ಯಾವ ಲಿಪಿಯಲ್ಲಿ ಬರೆಯಬೇಕೆಂಬ ನಿಯಮವೇ ಇರಲಿಲ್ಲವಾದ್ದರಿಂದ ರೋಮನ್ ಬಿಟ್ಟು ಬೇರೆ ಅಕ್ಷರಗಳು ಕಲಸಿಹೋಗುತ್ತಿದ್ದವು. ಆರ್‌ಡ್ಯಾಪ್ ಯೂನಿಕೋಡ್ ಆಧರಿಸಿದೆ. ಕಾಪು ಎಂಬ ಊರಿಗೆ ಇಂಗ್ಲಿಷ್ ದಾಖಲೆಗಳಲ್ಲಿ ಎರಡು ಕಾಗುಣಿತಗಳು ಇರುವುದರಿಂದ ಒಂದೇ ಸಂಸ್ಥೆ ಎರಡಾಗಿ ಕಾಣುವುದುಂಟು, ಕನ್ನಡದಲ್ಲಿ ಬರೆದರೆ ಆ ತೊಂದರೆಯಿಲ್ಲ. ಡಾಟ್ ಭಾರತ ವಲಯ ಕನ್ನಡ ಲಿಪಿಯಲ್ಲೂ ಇದೆ, ಅದನ್ನು ಬಳಸುವವರು ಹೆಚ್ಚಬೇಕು.

ಭಾರತದ ಕಾನೂನಿನಲ್ಲಿ ಮುಖ್ಯವಾದದ್ದು ದೇಶದ ಸೈಬರ್ ತುರ್ತು ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ. ಸೇವಾ ಕಂಪನಿ, ಡೇಟಾ ಸೆಂಟರ್, ಸಂಸ್ಥೆ, ಸರಕಾರಿ ಕಚೇರಿ ಎಲ್ಲವೂ ಸರ್ಟ್-ಇನ್ ಜೊತೆ ಮಾತಾಡಲು ಒಬ್ಬ ಸಂಪರ್ಕಾಧಿಕಾರಿಯನ್ನು ಹೆಸರಿಸಿ ವಿವರವನ್ನು ಸದಾ ಹೊಸದಾಗಿ ಇಡಬೇಕು. ಸೈಬರ್ ಘಟನೆಯನ್ನು ಆರು ಗಂಟೆಯೊಳಗೆ ತಿಳಿಸಬೇಕು. ಲಾಗ್‌ಗಳನ್ನು 180 ದಿನ ಉಳಿಸಬೇಕು. ಡೇಟಾ ಸೆಂಟರ್, ಕ್ಲೌಡ್, ವಿಪಿಎನ್ ಕಂಪನಿಗಳು ಗ್ರಾಹಕರ ಪರಿಶೀಲಿಸಿದ ಹೆಸರು, ವಿಳಾಸ, ಕೊಟ್ಟ ಐಪಿ ವಿಳಾಸಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಹೀಗೆ ಕೂಡಿಟ್ಟ ವೈಯಕ್ತಿಕ ವಿವರಗಳನ್ನು ಹೇಗೆ ಬಳಸಬೇಕೆಂಬುದಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ.

ಡಾಟ್ ಇನ್ ಹೆಸರುಗಳ ವಿವರವನ್ನು ನಿಕ್ಸಿಯ ರಿಜಿಸ್ಟ್ರಿ ತಾಣದಲ್ಲೂ ಡಾಟ್ ಕಾಂ ಮೊದಲಾದವುಗಳ ವಿವರವನ್ನು ಡೊಮೈನ್ ಹೆಸರುಗಳ ಜಾಗತಿಕ ಸಂಸ್ಥೆಯಾದ ಐಕ್ಯಾನ್‌ನ ಲುಕಪ್ ತಾಣದಲ್ಲೂ ಐಪಿ ವಿಳಾಸಗಳ ವಿವರವನ್ನು ಐಆರ್‌ಐಎನ್‌ಎನ್ ಮತ್ತು ಎಪಿನಿಕ್ ತಾಣಗಳಲ್ಲೂ ಯಾರು ಬೇಕಾದರೂ ಹುಡುಕಬಹುದು, ಶುಲ್ಕವಿಲ್ಲ. ಸಂಘ, ಶಾಲೆ, ದೇವಸ್ಥಾನ, ಚರ್ಚುಗಳ ಜವಾಬ್ದಾರಿ ಹೊತ್ತಿರುವ ಓದುಗರು ತಮ್ಮ ಸಂಸ್ಥೆಯ ಹೆಸರನ್ನು ಅಲ್ಲಿ ಒಮ್ಮೆ ಹುಡುಕಿ, ಅವಧಿ ಮುಗಿಯುವ ದಿನವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಸಮಿತಿಗೆ ಅಧಿಕಾರ ಹಸ್ತಾಂತರಿಸುವಾಗ ಲೆಕ್ಕಪತ್ರ, ಬೀಗದ ಕೈಗಳ ಜೊತೆ ರಿಜಿಸ್ಟ್ರಾರ್ ಖಾತೆಯನ್ನೂ ಒಪ್ಪಿಸಬೇಕು.